ಲೇಖಸಂಪತ್ತೂ ವ್ಯವಹಾರಲೇಖನದ ಪಾಠವೂ

ಪದವಿ ತರಗತಿಗಳ ಕನ್ನಡ ಪಾಠಕ್ರಮದಲ್ಲಿ ‘ವ್ಯಾವಹಾರಿಕ ಕನ್ನಡ’, ‘ಆಡಳಿತ ಕನ್ನಡ’ ಮುಂತಾದ ಹೆಸರುಗಳಿಂದ ಒಂದು ಭಾಗವು ಸೇರಿರುವುದು ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ಅರ್ಜಿ, ಸುತ್ತೋಲೆ, ವರದಿ, ವ್ಯಾಪಾರದ ಪತ್ರ, ಯಂತ್ರಗಳ ಬಳಕೆಯ ವಿವರಣೆ ಮೊದಲಾದುವನ್ನು ಬರೆಯುವ ಅಭ್ಯಾಸವನ್ನು ವಿದ್ಯಾರ್ಥಿಗಳಿಗೆ ಮಾಡಿಸಬೇಕೆಂಬುದು ಅದರ ಉದ್ದೇಶ. ಕಾವ್ಯವನ್ನು ಪಾಠಹೇಳುವ ಅಧ್ಯಾಪಕರು ಇದನ್ನು ತಾವಾಗಿ ಬಯಸಿ ತೆಗೆದುಕೊಳ್ಳುವುದು ಅಪರೂಪ. ಹೊಸದಾಗಿ ಕೆಲಸಕ್ಕೆ ಸೇರಿದವರ ಪಾಲಿಗೆ ಇದು ಬೀಳುತ್ತದೆ. ಇಲ್ಲವಾದರೆ ನನ್ನಂತೆ ಸಂಸ್ಕೃತಪಾಠಶಾಲೆಯಿಂದ ಬಂದು, ಯಾವ ಪಾಠವನ್ನು ಕೊಟ್ಟರೂ ಬೇಡವೆನ್ನಲು ಸಂಕೋಚಪಡುವವರ ಪಾಲಿಗೆ ಬೀಳುತ್ತದೆ. ಪಾಠವು ನಡೆಯುವ ರೀತಿಯೂ ಇದಕ್ಕೆ ತಕ್ಕಂತೆಯೇ ಇದೆ. ‘ಇವರಿಂದ’, ‘ಇವರಿಗೆ’, ‘ಮಾನ್ಯರೆ’, ‘ವಿಷಯ’ ಎಂಬ ತಲೆಬರಹಗಳುಳ್ಳ ಮಾದರಿಗಳನ್ನು ಕರಿಯ ಹಲಗೆಯ ಮೇಲೆ ಬರೆಯುವುದು, ವಿದ್ಯಾರ್ಥಿಗಳು ಅದನ್ನು ಉರುಹೊಡೆಯುವುದು, ಪರೀಕ್ಷೆಯಲ್ಲಿ ಊರಿನ ಹೆಸರನ್ನು ಮಾತ್ರ ಬದಲಾಯಿಸಿ ಬರೆಯುವುದು. ಇದರಲ್ಲಿ ಕಲಿಯತಕ್ಕದ್ದು ಏನೂ ಇಲ್ಲವೆಂದು ವಿದ್ಯಾರ್ಥಿಯೂ ತಿಳಿಯುತ್ತಾನೆ, ಕಲಿಸತಕ್ಕದ್ದು ಏನೂ ಇಲ್ಲವೆಂದು ಅಧ್ಯಾಪಕನೂ ತಿಳಿಯುತ್ತಾನೆ.

ನಾನೂ ಬಹುಕಾಲ ಹೀಗೆಯೇ ತಿಳಿದಿದ್ದೆನು. ಆ ತಿಳಿವಳಿಕೆಯ ಫಲವನ್ನು ಅನುಭವಿಸಿದವರು ಬೇರೊಬ್ಬರು. ಸುಮಾರು ಮೂವತ್ತು ವರ್ಷಗಳ ಹಿಂದೆ, ಪಾಠಶಾಲೆಯ ಓದು ಮುಗಿದು ಊರಿನಲ್ಲಿದ್ದಾಗ, ನೆರೆಮನೆಯ ಒಬ್ಬ ವೃದ್ಧೆಯು ಗಂಡನು ತೀರಿಕೊಂಡ ಬಳಿಕ ಜಮೀನನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕೆಂದು ನನ್ನಿಂದ ಒಂದು ಅರ್ಜಿಯನ್ನು ಬರೆಯಿಸಿಕೊಂಡಳು. ಎರಡು ಪುಟಗಳ ಅರ್ಜಿ. ಅಧಿಕಾರಿಗಳ ಪ್ರಜಾವಾತ್ಸಲ್ಯವನ್ನು ಸಮಾಸಭೂಯಿಷ್ಠವಾದ ಗದ್ಯದಲ್ಲಿ ವರ್ಣಿಸಿದ್ದೆನು. ವೈಧವ್ಯದ ದುಃಖಕ್ಕೆ ತಕ್ಕ ಉಪಮಾನಗಳನ್ನೂ ಕೊಟ್ಟಿದ್ದೆನು. ಜಮೀನಿನ ಸರ್ವೆ ನಂಬರನ್ನಾಗಲಿ ಗಂಡನು ತೀರಿಕೊಂಡ ತಾರೀಖನ್ನಾಗಲಿ ಬರೆದಿರಲಿಲ್ಲ. ಮೂರು ತಿಂಗಳ ಮೇಲೆ ಅರ್ಜಿಯು ‘ವಿವರಗಳು ಅಪೂರ್ಣ’ ಎಂಬ ಷರಾದೊಡನೆ ಹಿಂದಕ್ಕೆ ಬಂದಿತು. ಅಷ್ಟರಲ್ಲಿ ಬಿತ್ತನೆಯ ಕಾಲವು ಕಳೆದಿತ್ತು. ಪಹಣಿಯು ತನ್ನ ಹೆಸರಿನಲ್ಲಿ ಇಲ್ಲದುದರಿಂದ ಆ ವರ್ಷದ ಬೆಳೆಸಾಲವು ಆಕೆಗೆ ದೊರೆಯಲಿಲ್ಲ. ಆಕೆ ನನ್ನನ್ನು ಆಕ್ಷೇಪಿಸಲಿಲ್ಲ. “ನೀವು ಓದಿ ಹೇಳಿದಾಗ ಬಲು ಚೆನ್ನಾಗಿತ್ತು, ಸ್ವಾಮೀ. ಆದರೂ ಯಾಕೆ ವಾಪಸು ಬಂತೋ” ಎಂದಷ್ಟೇ ಹೇಳಿದಳು. ಎರಡನೆಯ ಅರ್ಜಿಯನ್ನು ಕಚೇರಿಯ ಹೊರಗೆ ಕುಳಿತಿರುತ್ತಿದ್ದ ಪತ್ರಬರಹಗಾರನೊಬ್ಬನು ಐದು ಸಾಲುಗಳಲ್ಲಿ ಬರೆದುಕೊಟ್ಟನು. ಕೆಲಸವು ನಡೆಯಿತು. ಆ ಬರಹಗಾರನು ಹೈಸ್ಕೂಲಿನ ಮೆಟ್ಟಿಲನ್ನು ಹತ್ತಿದವನಲ್ಲ.

ಅವನಿಗೆ ತಿಳಿದಿದ್ದು ನನಗೆ ಏಕೆ ತಿಳಿದಿರಲಿಲ್ಲವೆಂಬುದನ್ನು ವಿಚಾರಿಸುವಾಗ ಒಂದು ವಿಷಯವು ಸ್ಪಷ್ಟವಾಗುತ್ತದೆ. ವ್ಯವಹಾರಲೇಖನಕ್ಕೆ ಶಾಸ್ತ್ರವಿಲ್ಲವೆಂದಲ್ಲ, ಇರುವ ಶಾಸ್ತ್ರವನ್ನು ನಾವು ಪಾಠಕ್ಕೆ ತೆಗೆದುಕೊಳ್ಳಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಶಾಸನಾಧಿಕಾರವೆಂಬ ಹತ್ತನೆಯ ಅಧ್ಯಾಯವು ಪೂರ್ತಿಯಾಗಿ ಈ ವಿಷಯಕ್ಕೆ ಮೀಸಲಾಗಿದೆ. ಈ ಗ್ರಂಥವು ಲೋಕಕ್ಕೆ ಮತ್ತೆ ದೊರೆತದ್ದು ಮೈಸೂರಿನಲ್ಲಿ. ಅಲ್ಲಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಮೂಲವನ್ನು ೧೯೦೯ರಲ್ಲಿ ಪ್ರಕಟಿಸಿದರು. ಅವರ ಇಂಗ್ಲಿಷ್ ಅನುವಾದವು ೧೯೧೫ರಲ್ಲಿ ಪುಸ್ತಕರೂಪವಾಗಿ ಬಂದಿತು. ಗ್ರಂಥದ ಕಾಲದ ವಿಷಯದಲ್ಲಿ ವಿದ್ವಾಂಸರೊಳಗೆ ಇರುವ ಭಿನ್ನಾಭಿಪ್ರಾಯಗಳು ಪ್ರಕೃತಕ್ಕೆ ಬೇಕಾಗಿಲ್ಲ. ರಾಜನೀತಿಗಾಗಿ ಅದನ್ನು ಓದುವವರು ಬಹುಮಂದಿ. ಪತ್ರವನ್ನು ಬರೆಯುವುದು ಹೇಗೆಂದು ತಿಳಿಯುವುದಕ್ಕಾಗಿ ಓದುವವರು ವಿರಳ.

ಆ ಅಧ್ಯಾಯದಲ್ಲಿ ಲೇಖನದ ಪ್ರಯೋಜನಗಳನ್ನು ಹದಿಮೂರಾಗಿ ವಿಂಗಡಿಸಲಾಗಿದೆ: ನಿಂದೆ, ಪ್ರಶಂಸೆ, ಪೃಚ್ಛೆ, ಆಖ್ಯಾನ, ಅರ್ಥನೆ, ಪ್ರತ್ಯಾಖ್ಯಾನ, ಉಪಾಲಂಭ, ಪ್ರತಿಷೇಧ, ಚೋದನೆ, ಸಾಂತ್ವನ, ಅಭ್ಯವಪತ್ತಿ, ಭರ್ತ್ಸನ, ಅನುನಯ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಪೃಚ್ಛೆಯೆಂದರೆ ವಿಚಾರಣೆಯ ಪತ್ರ, ಅರ್ಥನೆಯೆಂದರೆ ಅರ್ಜಿ, ಉಪಾಲಂಭವೆಂದರೆ ದೂರು, ಚೋದನೆಯೆಂದರೆ ಕೆಲಸವನ್ನು ಮಾಡೆಂದು ಹೇಳುವುದು. ಬರೆಯುವುದಕ್ಕೆ ಮೊದಲು ತಾನು ಈ ಹದಿಮೂರರೊಳಗೆ ಯಾವುದನ್ನು ಮಾಡುತ್ತಿದ್ದೇನೆಂಬುದನ್ನು ಲೇಖಕನು ನಿಶ್ಚಯಿಸಿಕೊಳ್ಳಬೇಕು. ಶಾಸನಗಳ ಭೇದಗಳಲ್ಲಿ ಪ್ರತ್ಯುತ್ತರಕ್ಕೆ ಪ್ರತಿಲೇಖವೆಂತಲೂ, ನಾವು ಈಗ ಸುತ್ತೋಲೆಯೆನ್ನುವುದಕ್ಕೆ ಸರ್ವತ್ರಗವೆಂತಲೂ ಹೆಸರಿದೆ. ಬಳಿಕ ಲೇಖಸಂಪತ್ತು ಆರು ವಿಧವೆಂದು ಹೇಳಿದೆ: ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತ್ವ. ಲೇಖದೋಷಗಳು ಐದು: ಅಕಾಂತಿ, ವ್ಯಾಘಾತ, ಪುನರುಕ್ತ, ಅಪಶಬ್ದ, ಸಂಪ್ಲವ.

ಈ ಹೆಸರುಗಳು ಸಾಹಿತ್ಯದ ಅಧ್ಯಾಪಕರಿಗೆ ಅಪರಿಚಿತವಲ್ಲ. ದಂಡಿಯು ಹೇಳುವ ಹತ್ತು ಗುಣಗಳಲ್ಲಿ ಮಾಧುರ್ಯವೂ ಉದಾರತ್ವವೂ ಇವೆ. ಇಲ್ಲಿಯ ಸ್ಪಷ್ಟತ್ವಕ್ಕೆ ಅಲ್ಲಿಯ ಅರ್ಥವ್ಯಕ್ತಿಯು ಸಮೀಪವಾದುದು. ಅಲ್ಲಿ ಕಾಂತಿಯು ಗುಣವಾದರೆ ಇಲ್ಲಿ ಅಕಾಂತಿಯು ದೋಷ. ಕವಿರಾಜಮಾರ್ಗವನ್ನು ಪಾಠಹೇಳುವವರು ಅದರ ಮೊದಲನೆಯ ಪರಿಚ್ಛೇದದ ದೋಷವಿಚಾರವನ್ನು ವಾರಗಟ್ಟಲೆ ವಿವರಿಸುವುದುಂಟು. ಅದೇ ಕಣ್ಣಿನಿಂದ ಒಂದು ಅರ್ಜಿಯನ್ನು ನೋಡುವುದಕ್ಕೆ ಹೊಸ ವಿದ್ಯೆಯೇನೂ ಬೇಕಾಗಿಲ್ಲ.

ಇವುಗಳಲ್ಲಿ ಮುಖ್ಯವಾದುದು ಅರ್ಥಕ್ರಮ. ಪ್ರಧಾನವಾದ ಅರ್ಥವನ್ನು ಮೊದಲು ಇರಿಸಿ ಉಳಿದುದನ್ನು ಅದಕ್ಕೆ ಅನುಗುಣವಾಗಿ ನಿಲ್ಲಿಸುವುದೇ ಅರ್ಥಕ್ರಮವೆಂದು ಕೌಟಿಲ್ಯನ ಅಭಿಪ್ರಾಯ. ಪತ್ರವನ್ನು ಓದುವವನು ಕೆಲಸವುಳ್ಳವನು. ಅವನ ಮೇಜಿನ ಮೇಲೆ ಇನ್ನೂ ನೂರು ಪತ್ರಗಳಿವೆ. ಮೊದಲ ವಾಕ್ಯದಲ್ಲಿ ಪ್ರಧಾನಾರ್ಥವು ದೊರೆಯದಿದ್ದರೆ ಅದನ್ನು ಹುಡುಕುವ ಭಾರವು ಅವನ ಮೇಲೆ ಬೀಳುತ್ತದೆ. ನಮ್ಮ ಕಚೇರಿಯ ಕನ್ನಡದಲ್ಲಿ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಆರಂಭಿಸುವ ರೂಢಿಯಿದೆಯಷ್ಟೆ. ಇಷ್ಟು ಪದಗಳಲ್ಲಿ ಅರ್ಥವೆಂಬುದು ಒಂದು ಅಕ್ಷರದಷ್ಟೂ ಮುಂದೆ ಸಾಗಿಲ್ಲ. ಇದರ ಮೇಲೆ ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಗೆ ಬರುವುದರಿಂದ, ‘ಆಗಿರುವುದರಿಂದಲೂ’, ‘ಇರುವುದರಿಂದಲೂ’ ಎಂದು ಕಾರಣಗಳನ್ನು ಮೊದಲು ಪೋಣಿಸುತ್ತ ಹೋದರೆ ಬೇಡಿಕೆಯು ಪುಟದ ಅಂತ್ಯಕ್ಕೆ ಹೋಗಿ ನಿಲ್ಲುತ್ತದೆ. ಬೇಡಿಕೆಯನ್ನು ಒಂದು ಚಿಕ್ಕ ವಾಕ್ಯದಲ್ಲಿ ಮೊದಲು ಮುಗಿಸಿ, ಕಾರಣಗಳನ್ನು ಬಳಿಕ ಬೇರೆ ವಾಕ್ಯಗಳಲ್ಲಿ ಹೇಳುವುದಕ್ಕೆ ನಮ್ಮ ಭಾಷೆಯಲ್ಲಿ ಯಾವ ಅಡ್ಡಿಯೂ ಇಲ್ಲ. ಅಭ್ಯಾಸ ಮಾತ್ರ ಇಲ್ಲ.

ಆದರೆ ಅರ್ಥಕ್ರಮವೆಂಬ ಈ ಹೆಸರೇ ಮೀಮಾಂಸೆಯಲ್ಲಿ ಬೇರೊಂದು ಅರ್ಥದಲ್ಲಿ ಬರುತ್ತದೆಂಬುದನ್ನು ಇಲ್ಲಿ ಗಮನಿಸಬೇಕು. ಜೈಮಿನಿಯ ಸೂತ್ರಗಳ ಐದನೆಯ ಅಧ್ಯಾಯವು ಕ್ರಮವಿಚಾರಕ್ಕೆ ಮೀಸಲಾದುದು. ಕರ್ಮಗಳ ಕ್ರಮವನ್ನು ನಿರ್ಣಯಿಸುವ ಪ್ರಮಾಣಗಳು ಶ್ರುತಿ, ಅರ್ಥ, ಪಾಠ, ಸ್ಥಾನ, ಮುಖ್ಯ, ಪ್ರವೃತ್ತಿ ಎಂದು ಆರು. ಅಗ್ನಿಹೋತ್ರಹೋಮವನ್ನು ಮಾಡತಕ್ಕದ್ದೆಂದು ಮೊದಲು ಹೇಳಿ, ಯವಾಗುವನ್ನು, ಎಂದರೆ ಗಂಜಿಯನ್ನು, ಬೇಯಿಸತಕ್ಕದ್ದೆಂದು ಅನಂತರ ಹೇಳಿರುವ ಸ್ಥಳವು ಪ್ರಸಿದ್ಧವಾದ ಉದಾಹರಣೆ. ಪಾಠದ ಕ್ರಮವನ್ನು ಹಿಡಿದರೆ ಹೋಮವು ಮುಗಿದ ಮೇಲೆ ಗಂಜಿಯನ್ನು ಬೇಯಿಸಬೇಕಾಗುತ್ತದೆ. ಆದರೆ ಆ ಗಂಜಿಯು ಹೋಮಕ್ಕಾಗಿಯೇ ಇರುವುದು. ಆದುದರಿಂದ ಪ್ರಯೋಜನವನ್ನು ನೋಡಿ, ಪಾಕವು ಮೊದಲು ಹೋಮವು ಬಳಿಕ ಎಂದು ನಿರ್ಣಯ. ಪಾಠಕ್ರಮಕ್ಕಿಂತ ಅರ್ಥಕ್ರಮವು ಬಲಿಷ್ಠವೆಂಬುದು ಸಿದ್ಧಾಂತ.

ಈ ಉದಾಹರಣೆಯನ್ನು ಪಾಠಶಾಲೆಯಲ್ಲಿ ಕಲಿತಾಗ ಇದು ಯಾಗಶಾಲೆಯ ಹೊರಗೆ ಎಲ್ಲಿಯಾದರೂ ಬೇಕಾದೀತೆಂದು ನಾನು ಎಣಿಸಿರಲಿಲ್ಲ. ನಾಲ್ಕು ವರ್ಷಗಳ ಹಿಂದೆ ನನ್ನ ತರಗತಿಯ ಒಬ್ಬ ವಿದ್ಯಾರ್ಥಿಯು, ರೈತನ ಮಗ, ಬಾವಿಯ ದಂಡೆಯ ಮೇಲೆ ಇರಿಸುವ ಪಂಪಿನೊಡನೆ ಬಂದ ಒಂದು ಹಾಳೆಯನ್ನು ತಂದು ತೋರಿಸಿದನು. ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿದ ಸೂಚನೆಗಳು. ನಾಲ್ಕನೆಯ ಸೂಚನೆಯಲ್ಲಿ ಸ್ವಿಚ್ಚನ್ನು ಹಾಕಬೇಕೆಂದು ಇದ್ದಿತು. ಐದನೆಯದರಲ್ಲಿ, ಸ್ವಿಚ್ಚನ್ನು ಹಾಕುವ ಮೊದಲು ಪಂಪಿನ ಒಡಲಿಗೂ ಹೀರುಕೊಳವೆಗೂ ನೀರನ್ನು ತುಂಬಿರಬೇಕೆಂದು ಇದ್ದಿತು. ಈ ಬಗೆಯ ಪಂಪು ಒಳಗೆ ಗಾಳಿಯಿದ್ದರೆ ನೀರನ್ನು ಎಳೆಯಲಾರದು. ಒಣಗಿ ತಿರುಗಿದರೆ ಸೀಲು ಬಿಸಿಯಾಗಿ ಸುಡುತ್ತದೆ. ರಾತ್ರಿಯಲ್ಲಿ ಕರೆಂಟು ಬಂದ ಹೊತ್ತಿಗೆ ಟಾರ್ಚಿನ ಬೆಳಕಿನಲ್ಲಿ ಹಾಳೆಯನ್ನು ಹಿಡಿದು ಒಂದೊಂದನ್ನೇ ಓದುತ್ತ ಒಂದೊಂದನ್ನೇ ಮಾಡುತ್ತ ಬಂದ ಆ ರೈತನು ನಾಲ್ಕನೆಯದನ್ನು ಮಾಡಿದ ಮೇಲೆ ಐದನೆಯದನ್ನು ಓದಿದನು. ಹೊಸ ಪಂಪಿನ ಸೀಲು ಮೊದಲ ದಿನವೇ ಹೋಯಿತು. ಮೀಮಾಂಸಕನಾದರೆ ಐದನ್ನೂ ಓದಿ ಪೂರ್ವಪಕ್ಷ ಸಿದ್ಧಾಂತಗಳನ್ನು ಮಾಡಿ ಪಾಠಕ್ರಮವನ್ನು ಬಾಧಿಸುತ್ತಿದ್ದನು. ಬಾವಿಯ ದಂಡೆಯಲ್ಲಿ ಅದಕ್ಕೆ ಅವಕಾಶವಿಲ್ಲ. ಅಲ್ಲಿ ಓದುವ ಕ್ರಮವೇ ಮಾಡುವ ಕ್ರಮ.

ಇದರಿಂದ, ಪಾಠಕ್ರಮದಲ್ಲಿ ಒಟ್ಟಿಗೆ ಸೇರಿಸಿರುವ ಎರಡು ಬಗೆಯ ಬರವಣಿಗೆಗಳಿಗೆ ಇರುವ ಭೇದವು ತಿಳಿಯುತ್ತದೆ. ಅರ್ಜಿ, ವ್ಯಾಪಾರದ ಪತ್ರ, ವರದಿ ಇವುಗಳಿಗೆ ಕೌಟಿಲ್ಯನ ಅರ್ಥಕ್ರಮವು ಬೇಕು: ಪ್ರಧಾನವಾದುದು ಮೊದಲು. ಯಂತ್ರದ ಬಳಕೆ, ಔಷಧದ ಪ್ರಯೋಗ, ಪ್ರಯೋಗಶಾಲೆಯ ವಿಧಾನ ಇವುಗಳಿಗೆ ಮೀಮಾಂಸಕರ ಅರ್ಥಕ್ರಮವು ಬೇಕು: ಮೊದಲು ಮಾಡತಕ್ಕದ್ದು ಮೊದಲು. ಯಂತ್ರಕ್ಕೆ ಪ್ರಧಾನವಾದ ಕಾರ್ಯವೆಂದರೆ ಅದು ನಡೆಯುವುದೇ. ಹಾಗೆಂದು ಸ್ವಿಚ್ಚಿನ ಮಾತನ್ನು ಮೊದಲು ಬರೆದರೆ ಸೀಲು ಸುಡುತ್ತದೆ. ಅರ್ಜಿಯಲ್ಲಿ ಮೊದಲು ನಡೆದದ್ದು ಮದುವೆ, ಬಳಿಕ ಸಂಸಾರ, ಬಳಿಕ ಮರಣ. ಹಾಗೆಂದು ಆ ಕ್ರಮದಲ್ಲಿ ಬರೆದರೆ ಖಾತೆಯ ಮಾತು ಬರುವುದರೊಳಗೆ ಗುಮಾಸ್ತನು ಮುಂದಿನ ಕಾಗದಕ್ಕೆ ಹೋಗಿರುತ್ತಾನೆ. ನಾನು ನೋಡಿದ ಪಠ್ಯಪುಸ್ತಕಗಳಲ್ಲಿ ಈ ಭೇದವನ್ನು ಎಲ್ಲಿಯೂ ಹೇಳಿಲ್ಲ. ಎಲ್ಲಕ್ಕೂ ‘ಸರಳವಾಗಿ ಸ್ಪಷ್ಟವಾಗಿ ಬರೆಯಬೇಕು’ ಎಂಬ ಒಂದೇ ಉಪದೇಶ.

ಪರಿಪೂರ್ಣತೆಯೆಂದರೆ ಅರ್ಥ, ಪದ, ಅಕ್ಷರಗಳು ಕಡಮೆಯೂ ಆಗದೆ ಹೆಚ್ಚೂ ಆಗದೆ ಇರುವುದು. ಹೆಚ್ಚಾದರೆ ಓದುವವನಿಗೆ ಬೇಸರ. ಕಡಮೆಯಾದರೆ ಬರೆದವನಿಗೋ ಪಡೆದವನಿಗೋ ನಷ್ಟ. ‘ಹದಿನೈದು ದಿನಗಳೊಳಗೆ ಉತ್ತರಿಸತಕ್ಕದ್ದು’ ಎಂದು ಒಂದು ತಿಳಿವಳಿಕೆಪತ್ರದಲ್ಲಿ ಬರೆದರೆ, ಪತ್ರದ ತಾರೀಖಿನಿಂದ ಹದಿನೈದು ದಿನಗಳೋ, ಪತ್ರವು ಕೈಸೇರಿದಂದಿನಿಂದಲೋ? ವ್ಯಾಕರಣದಂತೆ ವಾಕ್ಯದಲ್ಲಿ ತಪ್ಪೇನೂ ಇಲ್ಲ, ಆಕಾಂಕ್ಷೆಯು ಮಾತ್ರ ತೀರಿಲ್ಲ. ಏನನ್ನು ಬಿಡಬಾರದೆಂಬ ವಿಷಯದಲ್ಲಿ ಸ್ಮೃತಿಕಾರರು ಬಹಳ ಎಚ್ಚರವಾಗಿದ್ದರು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದ ಲೇಖ್ಯಪ್ರಕರಣದಲ್ಲಿ ಸಾಲದ ಪತ್ರಕ್ಕೆ ವರ್ಷ, ಮಾಸ, ಪಕ್ಷ, ದಿನ, ಹೆಸರು, ಜಾತಿ, ಗೋತ್ರ, ತಂದೆಯ ಹೆಸರು ಮೊದಲಾದ ಗುರುತುಗಳು ಇರಬೇಕೆಂದಿದೆ. ಸಾಲಗಾರನು ಮೇಲೆ ಬರೆದದ್ದು ತನಗೆ ಸಮ್ಮತವೆಂದು ಸ್ವಹಸ್ತದಿಂದ ಬರೆಯಬೇಕು. ಸಾಕ್ಷಿಗಳು ತಮ್ಮ ತಂದೆಯ ಹೆಸರೊಡನೆ ತಮ್ಮ ಹೆಸರನ್ನು ಬರೆಯಬೇಕು. ಕೊನೆಯಲ್ಲಿ ಲೇಖಕನು, ಇಬ್ಬರ ಕೋರಿಕೆಯಂತೆ ಇಂಥವನ ಮಗನಾದ ಇಂಥ ನಾನು ಇದನ್ನು ಬರೆದೆನೆಂದು ಹೇಳಿಕೊಳ್ಳಬೇಕು. ಭಾಗಶಃ ಸಾಲವನ್ನು ತೀರಿಸಿದಾಗ ಪತ್ರದ ಬೆನ್ನಿನ ಮೇಲೆ ಬರೆಯತಕ್ಕದ್ದು, ಪೂರ್ತಿ ತೀರಿಸಿದಾಗ ಪತ್ರವನ್ನು ಹರಿಯತಕ್ಕದ್ದು. ಹೊಸ ಪತ್ರವನ್ನು ಮಾಡಿಸಿಕೊಳ್ಳುವುದಕ್ಕೆ ಅಲ್ಲಿ ಕೊಟ್ಟಿರುವ ಕಾರಣಗಳಲ್ಲಿ ಪತ್ರವು ಕಳೆದುಹೋಗುವುದು, ಸುಟ್ಟುಹೋಗುವುದು ಇವುಗಳ ಜೊತೆಗೆ ‘ದುರ್ಲೇಖ್ಯ’ವಾಗಿರುವುದೂ ಒಂದು. ಕೆಟ್ಟದಾಗಿ ಬರೆದ ಪತ್ರವು ಸುಟ್ಟುಹೋದ ಪತ್ರಕ್ಕೆ ಸಮಾನವೆಂದು ಅದೇ ಪಂಕ್ತಿಯಲ್ಲಿ ಕೂರಿಸಿರುವುದು ನನಗೆ ಬಹಳ ಯುಕ್ತವಾಗಿ ತೋರುತ್ತದೆ. ಈ ಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಆದುದರಿಂದ ಈ ಚರ್ಚೆಯು ನಮ್ಮ ನಾಡಿಗೆ ಹೊರಗಿನದಲ್ಲ.

ಲೇಖಕನು ತನ್ನ ಹೆಸರನ್ನು ಹೇಳಬೇಕೆಂಬ ಈ ವಿಧಿಯೊಂದಿಗೆ ಇಂದಿನ ಪತ್ರಗಳ ‘ಪರಿಶೀಲಿಸಲಾಗುವುದು’, ‘ಕ್ರಮ ಕೈಗೊಳ್ಳಲಾಗುವುದು’ ಎಂಬ ಪ್ರಯೋಗಗಳನ್ನು ಹೋಲಿಸಿ ನೋಡಬಹುದು. ಕನ್ನಡದ ಆಡುಮಾತಿನಲ್ಲಿ ಕರ್ಮಣಿಪ್ರಯೋಗವು ಬಹಳ ಕಡಮೆ. ಕಚೇರಿಯ ಭಾಷೆಯಲ್ಲಿ ಅದು ಇಷ್ಟು ಬೆಳೆದಿರುವುದಕ್ಕೆ ಇಂಗ್ಲಿಷಿನ ಅನುಕರಣವೊಂದು ಕಾರಣವಾದರೆ, ಕರ್ತೃವನ್ನು ಮರೆಮಾಡುವ ಅನುಕೂಲವು ಇನ್ನೊಂದು. ಯಾರು ಪರಿಶೀಲಿಸುವರು? ಎಂದು? (ನಾನೂ ಈ ಲೇಖನದಲ್ಲಿಯೇ ಒಂದು ಕಡೆ ಈ ಪ್ರಯೋಗವನ್ನು ಮಾಡಿದ್ದೇನೆ, ರೋಗವು ಎಷ್ಟು ಹರಡಿದೆಯೆಂಬುದಕ್ಕೆ ಸಾಕ್ಷಿಯಾಗಿ ಅದನ್ನು ತಿದ್ದದೆ ಬಿಟ್ಟಿದ್ದೇನೆ.)

ಮಾಧುರ್ಯ ಔದಾರ್ಯಗಳ ವಿಷಯವಾಗಿ ಹೆಚ್ಚು ಹೇಳಬೇಕಾಗಿಲ್ಲ. ಸುಲಭವಾಗಿ ಅರ್ಥವನ್ನು ಕೊಡುವ ಹಿತವಾದ ಶಬ್ದಗಳು, ಗ್ರಾಮ್ಯವಲ್ಲದ ಮಾತುಗಳು, ಇಷ್ಟೇ ಅಲ್ಲಿಯ ಅಭಿಪ್ರಾಯ. ಬಾಕಿಹಣವನ್ನು ಕೇಳುವ ವ್ಯಾಪಾರಿಯು ಇವೆರಡನ್ನು ತಾನಾಗಿಯೇ ಕಲಿಯುತ್ತಾನೆ.

ಸ್ಪಷ್ಟತ್ವವೆಂದರೆ ಪ್ರತೀತವಾದ, ಎಂದರೆ ಲೋಕಕ್ಕೆ ತಿಳಿದಿರುವ, ಶಬ್ದಗಳ ಪ್ರಯೋಗ. ಪಂಡಿತರು ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ನಾನು ಬರೆದ ಆ ಅರ್ಜಿಯಲ್ಲಿ ‘ದಿವಂಗತ ಭರ್ತೃವಿನ ಭೂಸ್ವತ್ತಿನ ನಾಮಾಂತರ’ ಎಂಬ ಮಾತಿದ್ದಿತು. ಇದಕ್ಕೆ ಕಂದಾಯದ ಕಚೇರಿಯಲ್ಲಿಯೂ ಹೊಲದ ಬದುವಿನಲ್ಲಿಯೂ ಒಂದೇ ಹೆಸರು: ಪೌತಿ ಖಾತೆ. ಖಾತೆ, ಪಹಣಿ, ಅರ್ಜಿ, ತಕರಾರು, ಜಮಾಬಂದಿ ಇವು ಪಾರಸೀಕ ಅರಬ್ಬೀ ಮೂಲಗಳಿಂದಲೋ ಅನ್ಯಭಾಷೆಗಳ ಮೂಲಕವೋ ಬಂದುವೆಂದು ಇವನ್ನು ತೆಗೆದುಹಾಕಿ ಸಂಸ್ಕೃತಪದಗಳನ್ನು ಇಡಬೇಕೆಂಬ ಉತ್ಸಾಹವು ಹೊಸದಲ್ಲ. ಶಿವಾಜಿಯ ಕಾಲದಲ್ಲಿ ರಘುನಾಥಪಂಡಿತನು ರಾಜವ್ಯವಹಾರಕೋಶವನ್ನು ಈ ಉದ್ದೇಶದಿಂದಲೇ ರಚಿಸಿದನು. ನಾನು ಸಂಸ್ಕೃತದಿಂದಲೇ ಅನ್ನವನ್ನು ಸಂಪಾದಿಸುವವನು. ಆದರೂ ಕೌಟಿಲ್ಯನ ಲಕ್ಷಣವನ್ನು ಒಪ್ಪಿದ ಮೇಲೆ, ರೈತನಿಗೂ ಗುಮಾಸ್ತನಿಗೂ ಸಮಾನವಾಗಿ ತಿಳಿದ ‘ಪೌತಿ’ಯೇ ಸ್ಪಷ್ಟ, ನನ್ನ ‘ನಾಮಾಂತರ’ವು ಅಸ್ಪಷ್ಟ, ಎಂದು ಒಪ್ಪಲೇಬೇಕಾಗುತ್ತದೆ.

ದೋಷಗಳೊಳಗೆ ಸಂಪ್ಲವವು ವಿಚಾರಯೋಗ್ಯವಾದುದು. ನಿಲ್ಲಬಾರದಲ್ಲಿ ನಿಲ್ಲುವುದು, ನಿಲ್ಲಬೇಕಾದಲ್ಲಿ ನಿಲ್ಲದಿರುವುದು ಎಂದು ಇದರ ತಾತ್ಪರ್ಯ. ‘ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಅಥವಾ ಪಡಿತರ ಚೀಟಿಯನ್ನು ಲಗತ್ತಿಸಬೇಕು’ ಎಂಬ ಸೂಚನೆಯನ್ನು ನೋಡಿರಿ. ಮೂರರಲ್ಲಿ ಯಾವುದಾದರೂ ಒಂದು ಸಾಕೆ? ಜಾತಿ ಪ್ರಮಾಣಪತ್ರವು ಬೇಕೇಬೇಕಾಗಿದ್ದು ಉಳಿದೆರಡರಲ್ಲಿ ಒಂದು ಸಾಕೆ? ವಿದ್ಯಾರ್ಥಿವೇತನಕ್ಕಾಗಿ ಕೊನೆಯ ದಿನ ಸಾಲಿನಲ್ಲಿ ನಿಂತ ಹುಡುಗನಿಗೆ ಇದು ಶಬ್ದಜಿಜ್ಞಾಸೆಯಲ್ಲ. ಅರ್ಥಶಾಸ್ತ್ರದ ಕೊನೆಯ ಅಧಿಕರಣದಲ್ಲಿ ಶಾಸ್ತ್ರಗ್ರಂಥವನ್ನು ರಚಿಸುವ ಮೂವತ್ತೆರಡು ತಂತ್ರಯುಕ್ತಿಗಳನ್ನು ಹೇಳಿದೆ. ವಿಕಲ್ಪ ಸಮುಚ್ಚಯಗಳು ಅವುಗಳೊಳಗೆ ಎರಡು. ಇದೋ ಅದೋ ಎಂಬುದು ವಿಕಲ್ಪ, ಇದೂ ಅದೂ ಎಂಬುದು ಸಮುಚ್ಚಯ. ಸುಶ್ರುತನಲ್ಲಿಯೂ ಈ ಯುಕ್ತಿಗಳು ಮೂವತ್ತೆರಡು, ಚರಕಸಂಹಿತೆಯಲ್ಲಿ ಮೂವತ್ತಾರು. ರೋಗಿಯ ಪ್ರಾಣವು ವಾಕ್ಯದ ಮೇಲೆ ನಿಂತಿರುವ ವೈದ್ಯಶಾಸ್ತ್ರದಲ್ಲಿ ಇವಕ್ಕೆ ಸ್ಥಾನವು ದೊರೆತದ್ದು ಆಶ್ಚರ್ಯವಲ್ಲ.

ಈಗ ಪಾಠದ ವಿಷಯ. ನಾನು ಮಾದರಿಪತ್ರಗಳನ್ನು ಮೊದಲು ಕೊಡುವುದನ್ನು ಬಿಟ್ಟಿದ್ದೇನೆ. ಹಿಂದೆಯೂ ಮಾದರಿಗಳ ಸಂಗ್ರಹಗಳು ಇದ್ದುವು. ಗುಜರಾತಿನ ಲೇಖಪದ್ಧತಿ, ಮಿಥಿಲೆಯ ವಿದ್ಯಾಪತಿಯ ಲಿಖನಾವಳಿ ಅಂಥವು. ಅವುಗಳಿಂದ ಉಪಯೋಗವಿಲ್ಲವೆಂದಲ್ಲ. ಆದರೆ ಮಾದರಿಯು ಆಕಾರವನ್ನು ಕಲಿಸುತ್ತದೆ, ಅರ್ಥಕ್ರಮವನ್ನು ಕಲಿಸುವುದಿಲ್ಲ. ಅದಕ್ಕೆ ಬದಲಾಗಿ ದೋಷಯುಕ್ತವಾದ ಕಾಗದಗಳನ್ನು ವಿದ್ಯಾರ್ಥಿಗಳಿಂದಲೇ ತರಿಸುತ್ತೇನೆ. ಒಬ್ಬನು ಗಟ್ಟಿಯಾಗಿ ಓದಬೇಕು. ಇನ್ನೊಬ್ಬನು ಕೇಳಿಸಿದಷ್ಟನ್ನೇ ಮಾಡಬೇಕು, ಊಹಿಸಿ ಏನನ್ನೂ ಸೇರಿಸಬಾರದು. ಎಲ್ಲಿ ಅವನು ತಡೆದು ನಿಲ್ಲುತ್ತಾನೋ ಅಲ್ಲಿ ದೋಷದ ಹೆಸರನ್ನು ಹೇಳಬೇಕು. ಪಂಪಿನ ಹಾಳೆಯನ್ನು ನಾವು ಹೀಗೆಯೇ ತಿದ್ದಿದೆವು. ತಿದ್ದಿದ ಪ್ರತಿಯನ್ನು ಆ ವಿದ್ಯಾರ್ಥಿಯು ತನ್ನ ಮನೆಯ ಪಂಪುಕೊಠಡಿಯ ಗೋಡೆಗೆ ಅಂಟಿಸಿದ್ದಾನೆ.

ಈಗ ಪತ್ರವನ್ನು ಯಂತ್ರವೇ ಬರೆದುಕೊಡುತ್ತದೆ, ಈ ಶ್ರಮವು ಏತಕ್ಕೆ ಎಂದು ಕೇಳುವ ಸಹೋದ್ಯೋಗಿಗಳಿದ್ದಾರೆ. ಅದು ಬರೆದ ಅರ್ಜಿಗಳನ್ನೂ ತರಗತಿಯಲ್ಲಿ ಓದಿಸಿ ನೋಡಿದೆನು. ಔದಾರ್ಯವು ಬೇಕಾದಷ್ಟಿದೆ. ಸರ್ವೆ ನಂಬರಿನ ಸ್ಥಳದಲ್ಲಿ ಒಂದು ಖಾಲಿ ಗೆರೆಯಿದೆ. ಆ ಗೆರೆಯಲ್ಲಿ ಏನು ಬರಬೇಕೆಂಬುದನ್ನೂ, ಅಂಥ ಗೆರೆಯೇ ಇಲ್ಲದ ಕಡೆ ಏನು ತಪ್ಪಿಹೋಗಿದೆಯೆಂಬುದನ್ನೂ ತಿಳಿದವನು ಬೇಕಾಗಿಯೇ ಇದ್ದಾನೆ.

ವರ್ಷದ ಮೊದಲನೆಯ ಪಾಠದಲ್ಲಿ ನಾನು ಹಂಚುವ ಕಾಗದವು ಆ ವೃದ್ಧೆಗೆ ಬರೆದುಕೊಟ್ಟ ಅರ್ಜಿಯ ನಕಲು. ಹೆಸರುಗಳನ್ನು ತೆಗೆದಿದ್ದೇನೆ, ಬರೆದವನು ಯಾರೆಂದು ಹೇಳುವುದಿಲ್ಲ. ವಿದ್ಯಾರ್ಥಿಗಳು ಸರ್ವೆ ನಂಬರು ಇಲ್ಲದುದನ್ನು ಬೇಗನೆ ಕಂಡುಹಿಡಿಯುತ್ತಾರೆ, ತಾರೀಖು ಇಲ್ಲದುದನ್ನು ಸ್ವಲ್ಪ ತಡವಾಗಿ. ಕಳೆದ ವರ್ಷ ಹಿಂದಿನ ಬೆಂಚಿನ ಒಬ್ಬ ಹುಡುಗಿಯು ಎದ್ದುನಿಂತು, “ಗುರುಗಳೇ, ನಾಮಾಂತರದ ಮಾತು ಬರುತ್ತದೆ, ದಯೆ ತೋರಬೇಕೆಂದೂ ಇದೆ. ಆದರೆ ಖಾತೆಯನ್ನು ಈಕೆಯ ಹೆಸರಿಗೆ ಮಾಡಿಕೊಡಿ ಎಂದು ಎಲ್ಲಿಯೂ ಕೇಳಿಯೇ ಇಲ್ಲವಲ್ಲ” ಎಂದಳು. ಎರಡು ಪುಟಗಳನ್ನೂ ಮತ್ತೆ ಓದಿದೆನು. ಆಖ್ಯಾನವಿದ್ದಿತು, ಪ್ರಶಂಸೆಯಿದ್ದಿತು, ಅನುನಯವಿದ್ದಿತು. ಅರ್ಥನೆಯು ಇರಲಿಲ್ಲ. ಮೂವತ್ತು ವರ್ಷಗಳಲ್ಲಿ ನಾನು ಅದನ್ನು ಗಮನಿಸಿರಲಿಲ್ಲ.